ಬದನವಾಳಿನ ಉಕ್ತಲೇಖನ

ಬದನವಾಳಿಗೆ ಹೋಗುವವರು ಸಾಮಾನ್ಯವಾಗಿ ಅಲ್ಲಿಯ ಖಾದಿಯನ್ನು ನೋಡುವುದಕ್ಕೆ ಹೋಗುತ್ತಾರೆ. ನಾನು ಹೋದುದು ನನ್ನ ಕಿವಿಯ ನಿಮಿತ್ತವಾಗಿ. ಇದನ್ನು ಕೇಳಿದ ನೆರೆಯವರೊಬ್ಬರು, “ಕಿವಿಗೆ ಮೈಸೂರಿನಲ್ಲಿ ವೈದ್ಯರಿಲ್ಲವೆ, ಸ್ವಾಮಿ?” ಎಂದು ನಕ್ಕರು. ವೈದ್ಯರಿದ್ದಾರೆ; ಅವರನ್ನೂ ಕಂಡಿದ್ದೆ. ಆದರೆ ಆ ದಿನ ನನಗೆ ಬೇಕಾಗಿದ್ದವನು ವೈದ್ಯನಲ್ಲ, ನನ್ನ ಹಳೆಯ ಶಿಷ್ಯನೊಬ್ಬ. ಸಂಗತಿಯನ್ನು ಮೊದಲಿನಿಂದ ಹೇಳಿದರೆ ವಾಚಕರಿಗೆ ತಿಳಿದೀತು.

ಮೂವತ್ತು ವರ್ಷಗಳಿಗೂ ಮೀರಿ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಹೇಳಿಕೊಟ್ಟು ನಿವೃತ್ತನಾದವನು ನಾನು. ನಿವೃತ್ತಿಯಾದ ಮರುವರ್ಷವೇ ನನ್ನ ಕಿವಿಯಲ್ಲಿ ಒಂದು ವಿಚಿತ್ರವು ತೋರಿತು. ಸದ್ದು ಕೇಳುತ್ತಿತ್ತು, ಅಕ್ಷರ ಕೇಳುತ್ತಿರಲಿಲ್ಲ. ‘ಸರ’ ಎಂದರೋ ‘ಹರ’ ಎಂದರೋ ತಿಳಿಯದು. ತಾಲವ್ಯ ಶಕಾರವೂ ದಂತ್ಯ ಸಕಾರವೂ ಒಂದೇ ಗಾಳಿಯಾಗಿ ಕಿವಿಯ ಬಳಿ ಸುಳಿದುಹೋಗುತ್ತಿದ್ದುವು. ಶಿಕ್ಷಾಶಾಸ್ತ್ರವನ್ನು ಓದಿ, ವರ್ಣಗಳ ಸ್ಥಾನ ಪ್ರಯತ್ನಗಳನ್ನು ಕಂಠಪಾಠ ಮಾಡಿ, ಎಷ್ಟೋ ಹುಡುಗರ ನಾಲಗೆಯನ್ನು ತಿದ್ದಿದವನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಇನ್ನೇನಿದೆ? ಮನೆಯಾಕೆಯು ಮಾತನ್ನು ಎರಡೆರಡು ಸಲ ಹೇಳಬೇಕಾಗಿ ಬಂದು, ಕೊನೆಗೆ ಹೇಳುವುದನ್ನೇ ಕಡಿಮೆಮಾಡಿದಳು.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದೆ. ಮೈಸೂರಿನವರಾದ ನಮಗೆ ಇದು ಕೈಗೆಟುಕುವಷ್ಟು ಹತ್ತಿರದಲ್ಲಿರುವುದು ಭಾಗ್ಯವೇ ಸರಿ. ದೇಶದ ನಾನಾ ಕಡೆಗಳಿಂದ ಜನ ಇಲ್ಲಿಗೆ ಬರುತ್ತಾರೆ. ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ, ಕಿವಿಗೆ ಒಂದೊಂದೇ ಸ್ವರವನ್ನು ಕೇಳಿಸಿ, ಕೇಳಿದಾಗ ಗುಂಡಿಯನ್ನೊತ್ತಬೇಕೆಂದರು. ಆಮೇಲೆ ನನ್ನ ಕಿವಿಯ ನಕ್ಷೆಯನ್ನು ತೋರಿಸಿದರು. ಎರಡು ಸಾವಿರ ಹರ್ಟ್ಸ್ ವರೆಗೆ ಗೆರೆಯು ಮಟ್ಟಸವಾಗಿ ನಡೆದು, ಮುಂದೆ ಚಾಮುಂಡಿ ಬೆಟ್ಟದ ಮೆಟ್ಟಿಲನ್ನು ಇಳಿದಂತೆ ಇಳಿದಿತ್ತು. ವಯಸ್ಸಾದಂತೆ ಕಿವಿಯು ತಾರಸ್ಥಾಯಿಯನ್ನೇ ಮೊದಲು ಬಿಟ್ಟುಕೊಡುವುದಂತೆ. ಸಕಾರದ ಸತ್ತ್ವವೆಲ್ಲ ನಾಲ್ಕು ಸಾವಿರದಿಂದ ಎಂಟು ಸಾವಿರದ ನಡುವೆ ಇರುವುದರಿಂದ ಮೊದಲು ಕಳೆದುಹೋಗುವುದೂ ಅದೇ. ಶ್ರವಣಯಂತ್ರ ಈಗಲೇ ಬೇಡ, ವರ್ಷಕ್ಕೊಮ್ಮೆ ಪರೀಕ್ಷೆಮಾಡಿಸಿಕೊಳ್ಳಿ, ಭಾರಿ ಸದ್ದಿನಿಂದ ದೂರವಿರಿ ಎಂದು ಹೇಳಿ ಕಳುಹಿಸಿದರು.

ಈ ಸಮಯದಲ್ಲಿಯೇ ನನ್ನ ಮಗಳು ಬೆಂಗಳೂರಿನಿಂದ ಒಂದು ಸಣ್ಣ ಪೆಟ್ಟಿಗೆಯನ್ನು ಕಳುಹಿಸಿದಳು. ಅದರ ಮೇಲೆ ‘ಇನ್-ಇಯರ್ ಮಾನಿಟರ್’ ಎಂದಿತ್ತು. ಮಾನಿಟರ್ ಎಂದರೆ, ಉಪಾಧ್ಯಾಯರು ಹೊರಗೆ ಹೋದಾಗ ಮಾತನಾಡಿದ ಹುಡುಗರ ಹೆಸರನ್ನು ಹಲಗೆಯ ಮೇಲೆ ಬರೆದಿಡುವವನೆಂದು ಮಾತ್ರ ನಾನು ತಿಳಿದಿದ್ದೆ. ಅಂಥವನೊಬ್ಬನು ಕಿವಿಯೊಳಗೆ ಕೂರುವುದು ಹೇಗೆ? ಕನ್ನಡದಲ್ಲಿ ಇದಕ್ಕೆ ‘ಅಂತಃಕರ್ಣ’ ಎಂದು ಹೆಸರಿಡಬಹುದೆಂದು ಮಗಳಿಗೆ ಬರೆದೆ. “ಅಪ್ಪಾ, ಜನ ಅದನ್ನು ಅಂತಃಕರಣ ಎಂದು ಓದುತ್ತಾರೆ, ಸುಮ್ಮನಿರಿ” ಎಂದು ಅವಳು ಉತ್ತರ ಕೊಟ್ಟಳು.

ಈ ವಸ್ತುವಿನ ಪೂರ್ವೋತ್ತರವು ಸ್ವಾರಸ್ಯವಾಗಿದೆ. ಕಿವುಡರ ಯಂತ್ರಗಳ ವಿಜ್ಞಾನದಲ್ಲಿ ಪಳಗಿದ ಮೀಡ್ ಕಿಲಿಯನ್ ಎಂಬ ಅಮೆರಿಕದ ವಿದ್ವಾಂಸರ ಸಂಸ್ಥೆಯು, ಕಿವಿಯ ನಾಳದೊಳಗೆ ಹೊಕ್ಕು ಅದನ್ನು ಮುಚ್ಚಿಕೊಂಡು ನುಡಿಯುವ ಸಣ್ಣ ಶ್ರಾವಕವೊಂದನ್ನು 1991ರಲ್ಲಿ ಮಾರುಕಟ್ಟೆಗೆ ತಂದಿತು. ರಂಗದ ಮೇಲೆ ಹಾಡುವವರಿಗೆ ಸುತ್ತಲ ಗದ್ದಲದಲ್ಲಿ ತಮ್ಮ ಧ್ವನಿಯೇ ತಮಗೆ ಕೇಳದಿರುವ ಕಷ್ಟವುಂಟು. ಅವರು ಇಂಥ ಶ್ರಾವಕಗಳನ್ನು ಧರಿಸಿ ತಮ್ಮ ಧ್ವನಿಯನ್ನು ತಾವೇ ಕಾಯತೊಡಗಿದರು. ‘ಮಾನಿಟರ್’ ಎಂಬ ಹೆಸರಿಗೆ ಅರ್ಥ ಅದು. ಮೊದಲು ಇವು ಸಿರಿವಂತರ ಸೊತ್ತಾಗಿದ್ದುವು. ಚೀನಾದ ಕಾರ್ಖಾನೆಗಳು ತಯಾರಿಕೆಗೆ ಕೈಹಾಕಿದ ಮೇಲೆ ಸಾವಿರ ಸಾವಿರದೈನೂರು ರೂಪಾಯಿಗೆ ಅಚ್ಚುಕಟ್ಟಾದ ಜೊತೆ ದೊರೆಯುತ್ತದೆ. ನನ್ನ ಮಗಳು ಕೊಟ್ಟದ್ದು ಸಾವಿರದ ಮುನ್ನೂರು.

ಬೆಲೆ ಕಡಿಮೆಯಾಯಿತೆಂದು ನಾನು ದೂರುವವನಲ್ಲ. ಆದರೆ ಅದು ನನಗೆ ಒಗ್ಗಲಿಲ್ಲ. ಎಡಗಡೆಯದು ನೋಯುತ್ತಿತ್ತು, ಬಲಗಡೆಯದು ಜಾರಿ ಬೀಳುತ್ತಿತ್ತು. ಕಚೇರಿಯನ್ನು ಹಾಕಿದರೆ ಮೃದಂಗದ ಎಡಭಾಗವೇ ಇಲ್ಲ. ಡಬ್ಬದೊಳಗೆ ಕುಳಿತು ಹಾಡಿದಂತಿತ್ತು. ಒಡಲಿನಲ್ಲಿ ಎರಡು ಸೂಕ್ಷ್ಮ ರಂಧ್ರಗಳಿದ್ದುವು. ರಂಧ್ರವನ್ನು ಮುಚ್ಚಿದರೆ ಮಂದ್ರಸ್ವರವು ಹೆಚ್ಚುವುದೆಂದು ಎಲ್ಲಿಯೋ ಓದಿ, ಕೈಗೆ ಮೊದಲು ಸಿಕ್ಕಿದ್ದನ್ನು ಮೇಣದಿಂದ ಮೆತ್ತಿದೆ. ಇದ್ದ ಮಂದ್ರವೂ ಹೋಯಿತು. ತರ್ಕವನ್ನು ಓದಿದವನು ವ್ಯಾಪ್ತಿಯನ್ನು ನೋಡದೆ ಅನುಮಾನಕ್ಕೆ ಹಾರಿದ್ದರ ಫಲ!

ಆಗ ನೆನಪಾದವನು ಆ ಶಿಷ್ಯ. ಎರಡು ವರ್ಷಗಳ ಹಿಂದೆ ನಂಜನಗೂಡಿನ ದೊಡ್ಡಜಾತ್ರೆಯ ಸಂದಣಿಯಲ್ಲಿ ಒಬ್ಬನು ಅಡ್ಡಬಂದು, “ನಾನು ಮೇಷ್ಟ್ರೇ, ಬದನವಾಳಿನವನು” ಎಂದು ಕಾಲು ಮುಟ್ಟಿ, ತಾನು ಊರಿನಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇಟ್ಟಿರುವುದಾಗಿಯೂ, ಕಿವಿಗೆ ಹಾಕಿಕೊಳ್ಳುವ ಇಂಥವುಗಳನ್ನು ತಿದ್ದುವುದೇ ತನಗೆ ಹುಚ್ಚೆಂದೂ ಹೇಳಿ ನಂಬರನ್ನು ಕೊಟ್ಟಿದ್ದನು. ಅವನಿಗೆ ಸುದ್ದಿ ಕಳುಹಿಸಿ ಒಂದು ಬೆಳಿಗ್ಗೆ ಹೊರಟೆ.

ಮೈಸೂರಿನಿಂದ ಚಾಮರಾಜನಗರದ ಕಡೆಗೆ ಹೋಗುವ ರೈಲಿನಲ್ಲಿ ನಂಜನಗೂಡಿನವರೆಗೆ ಹೋಗುವುದು ನನಗೆ ಎಂದಿಗೂ ಬೇಸರ ತಾರದ ಪ್ರಯಾಣ. ಕಪಿಲೆಯ ಮೇಲೆ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಹಳೆಯ ಕಲ್ಲಿನ ಸೇತುವೆ ಇಂದಿಗೂ ನಿಂತಿದೆ. ಮೀಟರ್‌ಗೇಜಿನ ಕಾಲದಲ್ಲಿ ರೈಲು ಅದರ ಮೇಲೆಯೇ ಹೋಗುತ್ತಿತ್ತು. ಈಗ ಪಕ್ಕದ ಹೊಸ ಸೇತುವೆಯಿಂದ ಹಳೆಯದನ್ನು ನೋಡಬಹುದು. ನಂಜನಗೂಡಿನಲ್ಲಿಳಿದು ಶ್ರೀಕಂಠೇಶ್ವರನಿಗೆ ಹೊರಗಿನಿಂದಲೇ ಕೈಮುಗಿದು, ರಸಬಾಳೆಯ ಚಿಪ್ಪೊಂದನ್ನು ಕೊಂಡು, ಚಾಮರಾಜನಗರದ ರಸ್ತೆಯ ಬಸ್ಸನ್ನು ಹತ್ತಿದೆ.

ಬಸ್ಸಿನಲ್ಲಿ ಒಂದು ಪ್ರಮಾದವಾಯಿತು. ದಾರಿಯಲ್ಲಿ ಒಂದು ಕೃತಿಯನ್ನು ಕೇಳೋಣವೆಂದು ಶ್ರಾವಕಗಳನ್ನು ಕಿವಿಗೇರಿಸಿ ಬೆರಳುಗಳಿಂದ ಒತ್ತಿ ಹಿಡಿದುಕೊಂಡೆ. ಒತ್ತಿದಾಗ ನಾದವು ತುಂಬಿಬಂದಿತು. ಆಗಲೇ ಅದರ ಕಾರಣವನ್ನು ನಾನು ಊಹಿಸಬೇಕಾಗಿತ್ತು. ಕಣ್ಣು ಮುಚ್ಚಿ ಕೇಳುತ್ತಿದ್ದ ನನ್ನನ್ನು ಕಂಡಕ್ಟರನು ಮೂರು ಸಲ ಕೂಗಿದನಂತೆ. ಕೊನೆಗೆ ಭುಜವನ್ನಲುಗಿಸಿ, “ಯಜಮಾನ್ರೇ, ಟಿಕೆಟ್!” ಎಂದನು. ಬಸ್ಸಿನವರೆಲ್ಲ ನಕ್ಕರು. ನಗೆಯೊಂದಿಗೆ ಮುಗಿಯಿತು; ರಸ್ತೆ ದಾಟುವಾಗಲೋ ರೈಲಿನ ಗೇಟಿನ ಬಳಿಯೋ ಹೀಗಾದರೆ ನಗುವವರು ಯಾರು? ಎರಡೂ ಕಿವಿಗಳನ್ನು ಮುಚ್ಚಿಕೊಂಡು ಹೊರಗೆ ಓಡಾಡುವ ಮಕ್ಕಳಿಗೆ ಮನೆಯವರು ಇದನ್ನು ಹೇಳಬೇಕು.

ಬದನವಾಳು ದೊಡ್ಡ ಊರೇನಲ್ಲ. ತೆಂಗು, ಬಾಳೆ, ರಾಗಿಯ ಹೊಲ, ಹೆಂಚಿನ ಮನೆಗಳು; ನಡುನಡುವೆ ಹೊಸ ಸಿಮೆಂಟಿನ ಕಟ್ಟಡಗಳು. ಆದರೆ ದೇಶದ ಚರಿತ್ರೆಯಲ್ಲಿ ಇದರ ಹೆಸರು ಉಳಿದಿದೆ. 1927ರಲ್ಲಿ ಇಲ್ಲಿ ಖಾದಿಯ ಕೇಂದ್ರವು ಹುಟ್ಟಿತು. ಗಾಂಧೀಜಿಯವರು ಮೈಸೂರು ಸೀಮೆಯಲ್ಲಿ ತಂಗಿದ್ದ ಆ ವರ್ಷ ಈ ಊರಿಗೂ ಬಂದಿದ್ದರು. ಸುತ್ತಲ ಹಳ್ಳಿಗಳ ಹೆಂಗಸರು ನೂತ ನೂಲು ಇಲ್ಲಿ ಬಟ್ಟೆಯಾಯಿತು. ಎಣ್ಣೆ, ಕಾಗದ ಮೊದಲಾದ ಕೈಕಸುಬುಗಳೂ ಜೊತೆಗೂಡಿದುವು. 1993ರಲ್ಲಿ ಜಾತಿವೈಷಮ್ಯದಿಂದ ಮೂವರು ದಲಿತರ ಕೊಲೆಯಾದ ಊರು ಎಂಬ ದುಃಖದ ನೆನಪನ್ನೂ ಇದು ಹೊತ್ತಿದೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಇಲ್ಲಿ ನಡೆಸಿದ ಸತ್ಯಾಗ್ರಹದಿಂದ ಊರಿನ ಹೆಸರು ಮತ್ತೆ ಪತ್ರಿಕೆಗಳಲ್ಲಿ ಬಂದಿತು. ಕೇಂದ್ರದ ಆವರಣದಲ್ಲಿ ಸ್ವಲ್ಪ ಹೊತ್ತು ನಿಂತೆ. ಹಳೆಯ ಹೆಂಚಿನ ಸಾಲುಗಳು, ಮರಗಳ ನೆರಳು, ಒಳಗೆಲ್ಲಿಯೋ ಮಗ್ಗದ ‘ಖಟ್ ಖಟ್’. ಆ ಖಟಖಟವು ನನಗೆ ಚೆನ್ನಾಗಿ ಕೇಳಿಸಿತು. ಅದರೊಂದಿಗೆ ಇರಬೇಕಾದ, ನೂಲೆಳೆಯ ನವಿರಾದ ‘ಸರ್’ ಎಂಬ ಸದ್ದು ಮಾತ್ರ ಇಲ್ಲ.

ಶಿಷ್ಯನ ಅಂಗಡಿಯು ರಸ್ತೆಯ ಮಗ್ಗುಲಲ್ಲೇ. ಹಿಂದೆ ಮನೆ, ಮುಂದೆ ಹತ್ತಡಿಯ ಕೋಣೆ. ಜಗಲಿಯ ಮೇಲೆ ಅವನ ತಾಯಿ ರಾಟೆಯ ಮುಂದೆ ಕುಳಿತಿದ್ದರು. ಎಪ್ಪತ್ತು ದಾಟಿದ ಆಕೆ ಕೇಂದ್ರದಲ್ಲಿ ಬಹುಕಾಲ ನೂತವರು. ಈಗ ಹೊತ್ತು ಕಳೆಯಲು ಮನೆಯಲ್ಲಿ ನೂಲುತ್ತಾರೆ. ಒಂದು ಕಿವಿಯಲ್ಲಿ ಮಾತ್ರ ಶ್ರಾವಕ, ಅದರಲ್ಲಿ ಮೈಸೂರು ಆಕಾಶವಾಣಿ. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ಬಾನುಲಿಯನ್ನು ಆರಂಭಿಸಿದ ಕಾಲದಲ್ಲಿ ಹರಳಿನ ರೇಡಿಯೋಗಳಿದ್ದುವು. ಅವುಗಳ ಧ್ವನಿ ಎಷ್ಟು ಕ್ಷೀಣವೆಂದರೆ ಕಿವಿಗೆ ಹಚ್ಚಿಕೊಂಡೇ ಕೇಳಬೇಕಾಗಿತ್ತು. ಊರೆಲ್ಲ ಕೇಳುವ ಧ್ವನಿವರ್ಧಕಗಳ ಕಾಲವೊಂದು ಕಳೆದು ಬಾನುಲಿ ಮತ್ತೆ ಕಿವಿಯೊಳಗೇ ಬಂದು ಕುಳಿತಿದೆ.

“ಬನ್ನಿ ಮೇಷ್ಟ್ರೇ, ಕೂತ್ಕಳಿ. ದೊಡ್ಡವರೆಲ್ಲ ಬತ್ತರೆ, ಮಾತಾಡ್ತರೆ, ಹೋಯ್ತರೆ. ನೀವು ಕೇಳಕ್ಕೆ ಬಂದಿದ್ದೀರಂತಲ್ಲ!” ಎಂದರು ಆ ತಾಯಿ.

ಶಿಷ್ಯನು ನನ್ನ ಶ್ರಾವಕಗಳನ್ನು ಕೈಗೆ ತೆಗೆದುಕೊಂಡು, ಮೇಣವನ್ನು ಕಂಡು, ನಗು ತಡೆದುಕೊಂಡನು. “ಯಾರು ಮೇಷ್ಟ್ರೇ ಇದ ಮಾಡ್ದೋರು?” ಎಂದನು. ಸುಳ್ಳಾಡಲು ಮನಸ್ಸಾಯಿತು, ಆಡಲಿಲ್ಲ. ಅವನು ಭೂತಗನ್ನಡಿಯ ಕೆಳಗೆ ಸೂಜಿಯ ಮೊನೆಯಿಂದ ಮೇಣವನ್ನು ಎಳ್ಳಷ್ಟೆಳ್ಳಷ್ಟಾಗಿ ಕೆದಕಿ ತೆಗೆಯುತ್ತ ಹೇಳಿದನು: ಒಳಗೆ ಒಂದು ತೆಳುವಾದ ಪರದೆಯಿದೆ, ಅದಕ್ಕೆ ಕೂದಲಿಗಿಂತ ಸಣ್ಣ ತಂತಿಯ ಸುರುಳಿ ಅಂಟಿದೆ, ಅಯಸ್ಕಾಂತದ ಬಳಿ ಅದು ಅಲುಗಿದರೆ ನಾದ. ಪರದೆಯ ಮುಂದೆ ಒಂದು ರಂಧ್ರ, ಹಿಂದೆ ಒಂದು. ಮುಂದಿನದನ್ನು ಮುಚ್ಚಿದರೆ ಮಂದ್ರವು ಹೊರಗೆ ಸೋರದೆ ಹೆಚ್ಚುತ್ತದೆ. ಹಿಂದಿನದನ್ನು ಮುಚ್ಚಿದರೆ ಪರದೆಗೆ ಉಸಿರುಕಟ್ಟಿ ಮಂದ್ರವು ಕುಗ್ಗುತ್ತದೆ. ನಾನು ಮುಚ್ಚಿದ್ದು ಹಿಂದಿನದನ್ನು.

“ತೂತಿನ ಮಾತು ಆಮೇಲೆ. ಮೊದ್ಲು ಇದು ನಿಮ್ಮ ಕಿವೀಗೆ ಕೂತೇ ಇಲ್ಲ. ಕೂತ್ರೆ ಅರ್ಧ ಕಾಯಿಲೆ ವಾಸಿ” ಎಂದು ಅವನು ಒಂದು ಡಬ್ಬಿಯನ್ನು ತೆರೆದನು. ಅದರಲ್ಲಿ ತುದಿಗೆ ತೊಡಿಸುವ ರಬ್ಬರಿನ ಟೋಪಿಗಳು, ಸಣ್ಣವು ದೊಡ್ಡವು, ಮೆದು ಗಟ್ಟಿ, ಕೆಲವು ಹಿಚುಕಿದರೆ ಕುಗ್ಗಿ ಮೆಲ್ಲನೆ ಹಿಗ್ಗುವ ಸ್ಪಂಜಿನವು. ಕೈಯನ್ನು ತಲೆಯ ಹಿಂದಿನಿಂದ ಆಚೆಗೆ ನೀಡಿ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಬೇಕು, ಆಗ ವಕ್ರವಾದ ನಾಳವು ನೆಟ್ಟಗಾಗುವುದು; ಇನ್ನೊಂದು ಕೈಯಿಂದ ಶ್ರಾವಕವನ್ನು ತುಸು ತಿರುಗಿಸುತ್ತ ಒಳಗಿಡಬೇಕು. ನಾಲ್ಕೈದು ಬಗೆಗಳನ್ನು ನೋಡಿ, ಬಲಗಿವಿಗೆ ದೊಡ್ಡದನ್ನೂ ಎಡಗಿವಿಗೆ ಸಣ್ಣದನ್ನೂ ತೊಡಿಸಿದನು. ಎರಡು ಕಿವಿಗಳೂ ಒಂದೇ ಅಳತೆಯವೆಂದು ಅರುವತ್ತು ವರ್ಷ ನಂಬಿದ್ದೆ! ಫೋನಿನಲ್ಲಿ ತಂಬೂರಿಯನ್ನು ಹಾಕಿದನು. ಮಂದ್ರದ ಷಡ್ಜವು ಎದೆಯೊಳಗಿಂದ ಎದ್ದಂತೆ ಬಂದಿತು. ತುದಿಯು ಕೂದಲೆಳೆಯಷ್ಟು ಸಡಿಲಿಸಿದರೂ ಅದು ಹೊರಟುಹೋಗುತ್ತಿತ್ತು.

ಇಲ್ಲಿ ನನ್ನ ಹಳೆಯ ಓದು ನೆನಪಿಗೆ ಬಂದಿತು. ಶ್ರೋತ್ರೇಂದ್ರಿಯವೆಂದರೆ ಏನು ಎಂಬುದಕ್ಕೆ ನೈಯಾಯಿಕರು, ಕರ್ಣಶಷ್ಕುಲಿಯಿಂದ ಅವಚ್ಛಿನ್ನವಾದ, ಎಂದರೆ ಅದರಿಂದ ಎಲ್ಲೆಕಟ್ಟಲ್ಪಟ್ಟ, ಆಕಾಶವೇ ಶ್ರೋತ್ರವೆಂದು ಹೇಳುತ್ತಾರೆ. ಶಷ್ಕುಲಿ ಎಂದರೆ ನಮ್ಮ ಗೃಹಿಣಿಯರು ಕೃಷ್ಣಾಷ್ಟಮಿಗೆ ಕರಿಯುವ ಚಕ್ಕುಲಿಯೇ. ಹೆಸರು ಕೂಡ ಅದರಿಂದಲೇ ಇಳಿದುಬಂದದ್ದು. ಹೊರಗಿವಿಯ ಸುರುಳಿಯನ್ನು ನೋಡಿದರೆ ಹೋಲಿಕೆಯು ತಾನೇ ತಿಳಿಯುತ್ತದೆ. ಆಕಾಶವು ಎಲ್ಲೆಲ್ಲಿಯೂ ಇದೆ, ಆದರೆ ಎಲ್ಲೆಲ್ಲಿಯೂ ಕೇಳುವುದಿಲ್ಲ. ಎಲ್ಲೆಯೊಳಗೆ ಸಿಕ್ಕಿದ ಅಷ್ಟು ಆಕಾಶಕ್ಕೆ ಮಾತ್ರ ಕೇಳುವ ಶಕ್ತಿ. ಪಾಠಶಾಲೆಯಲ್ಲಿ ಇದನ್ನು ಒಪ್ಪಿಸಿದಾಗ ಶಬ್ದಗಳ ಆಟವೆಂದುಕೊಂಡಿದ್ದೆ. ಈ ರಬ್ಬರಿನ ಟೋಪಿಯು ಎಲ್ಲೆಯನ್ನು ಕಟ್ಟಿದೊಡನೆ ತಂಬೂರಿಯು ನುಡಿದದ್ದನ್ನು ಕೇಳಿ, ಆ ಶಾಸ್ತ್ರಿಗಳ ಜಾಣ್ಮೆಗೆ ಮನಸ್ಸಿನಲ್ಲೇ ವಂದಿಸಿದೆ. ಶಿಷ್ಯನಿಗೆ ಇದನ್ನು ವಿವರಿಸಿದೆ. ಅವನು ಗಂಭೀರವಾಗಿ ಕೇಳಿ, “ಹಂಗಾದ್ರೆ ಚಕ್ಕುಲೀಗೆ ಸಂದಿ ಬುಡಬಾರ್ದು ಅಂತಾಯ್ತು” ಎಂದನು. ನಾನು ಕೊಟ್ಟ ಭಾಷ್ಯಕ್ಕಿಂತ ಅದು ಚೆನ್ನಾಗಿತ್ತು.

ಉಳಿದ ತಿದ್ದುಪಾಟಿನಲ್ಲಿ ಅವನದು ಬಲು ಹದವಾದ ಕೈ. ಆಸ್ಪತ್ರೆಯಲ್ಲಿ ಗಾಯದ ಹತ್ತಿಯ ಮೇಲೆ ಅಂಟಿಸುವ ಕಾಗದದ ಪಟ್ಟಿಯಿಂದ ಎಳ್ಳಿನಷ್ಟು ತುಂಡನ್ನು ಕತ್ತರಿಸಿ, ಮುಂದಿನ ರಂಧ್ರದ ಅರ್ಧಕ್ಕೆ ಹಚ್ಚಿದನು, ಒಂದು ಕಿವಿಯದಕ್ಕೆ ಮಾತ್ರ. ಇನ್ನೊಂದನ್ನು ಹಾಗೆಯೇ ಬಿಟ್ಟು ಎರಡನ್ನೂ ಹೋಲಿಸಿ ಕೇಳಲು ಹೇಳಿದನು. ಒಮ್ಮೆಗೆ ಒಂದನ್ನೇ ಬದಲಾಯಿಸಬೇಕು. ಹಿಂದಕ್ಕೆ ತೆಗೆಯಲಾಗದ್ದನ್ನು ಹಚ್ಚಬಾರದು. ಒಡಲನ್ನು ಮಾತ್ರ ಬಿಚ್ಚಲೇಬಾರದು. ತುದಿಯ ಜಾಲರಿಯಲ್ಲಿ ಗುಗ್ಗೆ ಕಟ್ಟಿಕೊಂಡರೇ ನಾದ ಅರ್ಧವಾಗುವುದುಂಟು, ಅದನ್ನು ಒಣ ಕುಂಚದಿಂದ ತೆಗೆಯಬೇಕು. ನನ್ನ ಕಿವಿಗೆ ಮಂದ್ರವು ಕೊನೆಗೆ ಅತಿಯಾಗಿ, ಅಕ್ಷರವನ್ನು ಮುಸುಕಿದಂತಾಯಿತು, ಪಟ್ಟಿಯನ್ನು ಕಿತ್ತೇಬಿಟ್ಟೆವು. ಮೇಣವಾಗಿದ್ದರೆ ಇದು ಸಾಧ್ಯವಿತ್ತೆ?

ತಂತಿಯ ವಿಷಯವನ್ನು ಕೇಳಿದೆ. ಬೆಳ್ಳಿಯ ತಂತಿಯಿಂದ ನಾದವೇ ಬೇರೆಯಾಗುವುದೆಂದು ಹೇಳಿ ಸಾವಿರಾರು ರೂಪಾಯಿ ಕೀಳುವವರು ಇದ್ದಾರಂತೆ. “ತಂತಿ ಕಡ್ದೋದ್ರೆ ಬದ್ಲಾಯಿಸಿ. ಇಲ್ದಿದ್ರೆ ಆ ದುಡ್ಡಲ್ಲಿ ಒಂದು ಪಂಚೆ ತಗಳಿ, ನಮ್ಮೂರಲ್ಲೇ ನೇಯ್ತಾರೆ” ಎಂದನು. ಆಮೇಲೆ ಫೋನಿನಲ್ಲಿ ಸ್ವರಗಳನ್ನು ಏರಿಳಿಸುವ ಪಟ್ಟಿಯನ್ನು ತೆರೆದು, ಕೆಳಗಿನವನ್ನು ತುಸು ಇಳಿಸಿ, ನಾಲ್ಕು ಸಾವಿರದ ಮೇಲಿನವನ್ನು ತುಸುವೇ ಏರಿಸಿದನು. ಒಟ್ಟು ಸದ್ದನ್ನು ಮೊದಲಿಗಿಂತ ಕಡಿಮೆಮಾಡಿದನು. ವಯಸ್ಕರಿಗೆ ವಾರಕ್ಕೆ 40 ಗಂಟೆಗಳ ಕಾಲ 80 ಡೆಸಿಬೆಲ್, ಮಕ್ಕಳಿಗೆ 75, ಅದನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿರುವುದು ಅವನಿಗೆ ತಿಳಿದಿತ್ತು. ಇದು ಶ್ರವಣಯಂತ್ರಕ್ಕೆ ಬದಲಲ್ಲ, ವರ್ಷದ ಪರೀಕ್ಷೆಯನ್ನು ತಪ್ಪಿಸಬೇಡಿ ಎಂದೂ ಎಚ್ಚರಿಸಿದನು.

ಇಷ್ಟು ಹೊತ್ತೂ ನಾನು ಒಂದನ್ನು ಗಮನಿಸುತ್ತಿದ್ದೆ. ಎಡದ ಶ್ರಾವಕವನ್ನು ಪರೀಕ್ಷಿಸುವಾಗಲೂ ಅವನು ಅದನ್ನು ಬಲಗಿವಿಗೇ ಇಟ್ಟುಕೊಳ್ಳುತ್ತಿದ್ದನು. ಕಾರಣವನ್ನು ಕೇಳಿದೆ.

“ಎಡಗಿವಿ ಚಿಕ್ಕಂದಿಂದ ಸೋರ್ತಿತ್ತು ಮೇಷ್ಟ್ರೇ. ಪರದೆ ತೂತಾಗಿತ್ತು. ದೊಡ್ಡವನಾದ ಮೇಲೆ ಆಪರೇಶನ್ ಆಯ್ತು, ಆದ್ರೂ ಅರ್ಧಾನೇ. ಅದಕ್ಕೇ ಇದ ಕಲ್ತದ್ದು, ಎರಡು ಕಡೆ ಸದ್ದು ಸಮ ಮಾಡ್ಕಳಕ್ಕೆ” ಎಂದು ಕೆಲಸದಿಂದ ತಲೆಯೆತ್ತದೆ ಹೇಳಿದನು.

ನನಗೆ 1996ರ ಒಂದು ತರಗತಿ ಕಣ್ಣಮುಂದೆ ಬಂದಿತು. ಆ ತಾಲ್ಲೂಕಿನ ಒಂದು ಶಾಲೆ. ಬಲಗಡೆ ಗೋಡೆಗೆ ತಗುಲಿದ ಬೆಂಚಿನ ಕೊನೆಯಲ್ಲಿ ಈ ಹುಡುಗ. ನನ್ನ ಮೇಜಿನ ಕಡೆಗೆ ಇದ್ದುದು ಅವನ ಎಡಗಿವಿ. ಪ್ರತಿ ಶನಿವಾರ ಉಕ್ತಲೇಖನ. ಅವನು ಶಂಖವನ್ನು ‘ಸಂಕ’ ಎಂದು ಬರೆಯುವನು. ಎಷ್ಟೋ ಶಬ್ದಗಳನ್ನು ಬರೆಯದೆ ಬಿಡುವನು. ಹಳ್ಳಿಯ ನಾಲಗೆಯ ದೋಷವೆಂದೂ ಉದಾಸೀನವೆಂದೂ ನಾನು ತೀರ್ಮಾನಿಸಿದ್ದೆ. ಒಂದು ಶನಿವಾರ, “ನಿನಗೇನು ಕಿವಿಯಿಲ್ಲವೇನೋ?” ಎಂದು ಹತ್ತಿರಕ್ಕೆ ಹೋಗಿ ಕಿವಿಯನ್ನು ಹಿಂಡಿದೆ. ಅವನು ಕಿರುಚಿದ್ದು ನೆನಪಿದೆ. ನಟನೆಯೆಂದುಕೊಂಡು ಇನ್ನೂ ಬಿಗಿಯಾಗಿ ಹಿಂಡಿದ್ದೂ ನೆನಪಿದೆ. ನಾನು ನಿಂತದ್ದು ಅವನ ಎಡಗಡೆಗೆ.

“ಆ ದಿನ ನಾನು ಹಿಂಡಿದ್ದು…” ಎಂದು ಆರಂಭಿಸಿದೆ. ವಾಕ್ಯವು ಮುಂದೆ ಸಾಗಲಿಲ್ಲ. ತಪ್ಪಾಯಿತೆಂದು ಮಾತ್ರ ಹೇಳಿದೆ. ರಾಟೆಯ ಸದ್ದು ನಿಂತಿತು.

“ನೀವು ಎಲ್ರ ಕಿವೀನೂ ಹಿಂಡ್ತಿದ್ರಿ ಬುಡಿ ಮೇಷ್ಟ್ರೇ” ಎಂದನು ಅವನು. ತಾಯಿ ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಂಜಿಯನ್ನು ಕದಿರಿಗೆ ಹಚ್ಚಿ ಮತ್ತೆ ತಿರುಗಿಸಲು ಆರಂಭಿಸಿದರು.

ಊಟವಾಯಿತು. ಅವನ ಮಗಳು, ಒಂಬತ್ತನೆಯ ತರಗತಿಯ ಹುಡುಗಿ, ಫೋನಿನಲ್ಲಿ ಏನನ್ನೋ ಓದಿ ಧ್ವನಿಮುದ್ರಿಸಿಕೊಟ್ಟಳು. “ಈಗ ಉಕ್ತಲೇಖನ. ಅರ್ಥ ಇರೋ ಮಾತು ಕೊಟ್ರೆ ನೀವು ತಿಳ್ಕಂಡು ಬರೀತೀರಿ, ಕೇಳ್ಕಂಡು ಬರಿಯಲ್ಲ. ಅದಕ್ಕೆ ಅರ್ಥ ಇಲ್ದೇ ಇರೋವೇ ಕೊಡ್ತೀನಿ” ಎಂದು ಶಿಷ್ಯನು ಒಂದು ಹಾಳೆಯನ್ನೂ ಪೆನ್ಸಿಲನ್ನೂ ನನ್ನ ಮುಂದಿಟ್ಟನು. ಅಸ, ಅಶ, ಇಶಿ, ಉಸು, ಹೀಗೆ ಹತ್ತು. ಬೆಳಿಗ್ಗೆ ಬಂದಾಗ ಇದ್ದ ಟೋಪಿಗಳನ್ನೇ ತೊಡಿಸಿ, ಏರಿಳಿಸಿದ್ದ ಸ್ವರಗಳನ್ನೂ ಮೊದಲಿನಂತೆ ಮಾಡಿ ಒಮ್ಮೆ ಬರೆಸಿದನು: ಐದು ಸರಿ, ಎಂದರೆ ಕಣ್ಣುಮುಚ್ಚಿ ಬರೆದಿದ್ದರೂ ಅಷ್ಟೇ ಆಗುತ್ತಿತ್ತು. ಆಮೇಲೆ ಸರಿಪಡಿಸಿದ ಜೊತೆಯನ್ನು ಹಾಕಿ, ಅಕ್ಷರಗಳ ಸಾಲನ್ನು ಬದಲಾಯಿಸಿ ಮತ್ತೊಮ್ಮೆ ಬರೆಸಿದನು. ಇಷ್ಟು ಭಯದಿಂದ ನಾನು ಯಾವ ಪರೀಕ್ಷೆಯನ್ನೂ ಬರೆದವನಲ್ಲ.

ಹಾಳೆಯನ್ನು ಅವನ ಕಡೆಗೆ ನೂಕಿದೆ. ಮಗಳು ಇಣುಕಿ ನೋಡಿ, “ಎಂಟು” ಎಂದಳು. ಸಕಾರವು ಬಂದಿತ್ತು, ತೆಳ್ಳಗೆ, ದೂರದಿಂದ, ಆದರೆ ಸಕಾರವಾಗಿಯೇ. ಶಿಷ್ಯನು ಮೇಜಿನ ಖಾನೆಯಿಂದ ಒಂದು ಕೆಂಪು ಪೆನ್ನನ್ನು ತೆಗೆದು, ತಿದ್ದದೆ, ನನ್ನ ಕೈಗೇ ಕೊಟ್ಟನು.

“ಒಂದು ತಪ್ಪಿಗೆ ಹತ್ತು ಸಲ ಬರೀಬೇಕು ಅಲ್ವಾ ಮೇಷ್ಟ್ರೇ?”

ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ಜಗಲಿಯ ಮೇಲೆ ಆ ತಾಯಿಯ ಪಕ್ಕದಲ್ಲಿ ಕುಳಿತು ಎರಡನ್ನೂ ಹತ್ತು ಹತ್ತು ಸಲ ಬರೆದೆ.